ಯಾರು ಹೇಳಿದ್ದು ನಿಮಗೆ?

ಸೋಪು ಕೊಳ್ಳುವುದೂ ಸಮಾಜವಾದಿ ಪಕ್ಷಕ್ಕೆ ವೋಟು ಹಾಕುವುದೂ ಅಧ್ಯಯನದ ಮಟ್ಟಿಗೆ ಒಂದೇ ಜಾತಿಯ ಕೆಲಸ ಎಂದು ಯಾರಾದರೂ ಗಂಭೀರವಾಗಿ ಹೇಳಿದರೆ ನಮಗೆ ನಗು ಬರುತ್ತದೆ. ವಿಯೆನ್ನಾದ ಪಾಲ್ ಲಜಾರ್ಸ್‌ಫೆಲ್ಡ್ ಅದನ್ನು ನಗದೆ ಹೇಳಿದವರು. 1901ರಲ್ಲಿ ಹುಟ್ಟಿದ ಈ ಮನುಷ್ಯ ಓದಿದ್ದು ಗಣಿತ, ಡಾಕ್ಟರೇಟ್ ಪಡೆದದ್ದು ಐನ್‌ಸ್ಟೈನರ ಗುರುತ್ವ ಸಿದ್ಧಾಂತಕ್ಕೆ ಸಂಬಂಧಿಸಿದ ಪ್ರಬಂಧಕ್ಕೆ, ಮನಸ್ಸು ಇದ್ದದ್ದು ಮಾತ್ರ ಸಮಾಜವಾದಿ ಪಕ್ಷದ ಯುವ ಘಟಕದಲ್ಲಿ. ಜನ ನಮಗೇಕೆ ವೋಟು ಹಾಕುತ್ತಿಲ್ಲ ಎಂಬುದು ಪಕ್ಷದ ಚಿಂತೆ. ಜನ ನಮ್ಮ ಸೋಪನ್ನೇಕೆ ಕೊಳ್ಳುತ್ತಿಲ್ಲ ಎಂಬುದು ಕಂಪನಿಯ ಚಿಂತೆ. ಎರಡಕ್ಕೂ ಉತ್ತರ ಹುಡುಕುವ ದಾರಿ ಒಂದೇ ಎಂದು ಅವರಿಗೆ ಹೊಳೆದಿತ್ತು. ಆ ಮನುಷ್ಯನನ್ನು ಕೂರಿಸಿಕೊಂಡು, ನಿರ್ಧಾರ ಹುಟ್ಟಿದ ಗಳಿಗೆಗೆ ಹಿಂದೆ ಹಿಂದೆ ಕರೆದೊಯ್ದು ಕೇಳಬೇಕು. ಯಾವಾಗ ಅನ್ನಿಸಿತು? ಏನು ನೋಡಿದಿರಿ? ಯಾರು ಹೇಳಿದರು?

ಈ ಮೂರನೆಯ ಪ್ರಶ್ನೆಯ ಬೆಲೆ ಅವರಿಗೇ ಸರಿಯಾಗಿ ಗೊತ್ತಾಗಲು ಮುಂದೆ ಎಷ್ಟೋ ವರ್ಷ ಹಿಡಿಯಿತು. ಜನಪ್ರಿಯ ಸಂಸ್ಕೃತಿಯನ್ನು, ಅಂದರೆ ಸಿನಿಮಾ, ರೇಡಿಯೊ, ಫ್ಯಾಷನ್, ಧಾರಾವಾಹಿಗಳನ್ನು ಸಮಾಜಶಾಸ್ತ್ರ ಅರ್ಥಮಾಡಿಕೊಳ್ಳುವ ಬಗೆಯನ್ನೇ ತಿರುಗಿಸಿದ ಒಂದು ಪರಿಕಲ್ಪನೆ ಆ ಪ್ರಶ್ನೆಯಿಂದ ಹುಟ್ಟಿತು. ಇಂಗ್ಲಿಷಿನಲ್ಲಿ ಅದು 'ಟೂ ಸ್ಟೆಪ್ ಫ್ಲೋ'. ನಾವು ಎರಡು ಹಂತದ ಹರಿವು ಎನ್ನೋಣ.

ಮೊದಲು ಮಾರಿಯೆಂತಾಲ್. ವಿಯೆನ್ನಾಕ್ಕೆ ಹತ್ತಿರದ ಆ ಹಳ್ಳಿಯ ಬದುಕು ನಿಂತಿದ್ದೇ ಒಂದು ಬಟ್ಟೆ ಗಿರಣಿಯ ಮೇಲೆ. ಗಿರಣಿ ಮುಚ್ಚಿತು, ಊರಿಗೆ ಊರೇ ಕೆಲಸವಿಲ್ಲದೆ ಕುಳಿತಿತು. ಲಜಾರ್ಸ್‌ಫೆಲ್ಡ್, ಮಾರಿ ಯಹೋಡಾ, ಹಾನ್ಸ್ ಜೈಸೆಲ್ ಮತ್ತವರ ಗೆಳೆಯರು ಅಲ್ಲಿ ನಡೆಸಿದ ಅಧ್ಯಯನ 1933ರಲ್ಲಿ ಪುಸ್ತಕವಾಯಿತು. ಅವರು ಅಳೆಯದೆ ಬಿಟ್ಟದ್ದೇ ಇಲ್ಲ. ಕಿಟಕಿಯ ಹಿಂದೆ ಗಡಿಯಾರ ಹಿಡಿದು ನಿಂತು ಬೀದಿಯಲ್ಲಿ ಜನ ಎಷ್ಟು ವೇಗವಾಗಿ ನಡೆಯುತ್ತಾರೆ ಎಂದು ಗುರುತು ಮಾಡಿಕೊಂಡರು. ಮನೆಗೆಲಸ ಬಾಕಿಯಿದ್ದ ಹೆಂಗಸರು ಬೇಗ ನಡೆಯುತ್ತಿದ್ದರು. ಗಂಡಸರು ಮೆಲ್ಲಗೆ, ನಡುನಡುವೆ ನಿಂತು ನಿಂತು. ನನಗೆ ಇನ್ನೂ ಮುಖ್ಯವೆನಿಸುವುದು ಅಲ್ಲಿನ ಕಾರ್ಮಿಕರ ಗ್ರಂಥಾಲಯದ ಲೆಕ್ಕ. ಕೈತುಂಬ ಬಿಡುವಿದೆ, ಪುಸ್ತಕಕ್ಕೆ ಶುಲ್ಕವೂ ಇಲ್ಲ. ಜನ ಹೆಚ್ಚು ಓದಬೇಕಿತ್ತು. ಎರವಲು ಒಯ್ದ ಪುಸ್ತಕಗಳ ಸಂಖ್ಯೆ ಎರಡೇ ವರ್ಷದಲ್ಲಿ ಸುಮಾರು ಅರ್ಧಕ್ಕೆ ಕುಸಿದಿತ್ತು. ಬಿಡುವು ಸಿಕ್ಕಿದರೆ ಜನ ಸಂಸ್ಕೃತಿಯನ್ನು ಸವಿಯುತ್ತಾರೆ ಎಂಬ ಸಲೀಸು ನಂಬಿಕೆ ಅಲ್ಲಿಗೆ ಮುರಿಯಿತು. ಓದು, ಹಾಡು, ಆಟ ಎಲ್ಲವೂ ಜೊತೆಗಾರರ ಬದುಕಿಗೆ ಅಂಟಿಕೊಂಡ ಸಂಗತಿಗಳು. ಆ ಬದುಕು ಕಳಚಿದರೆ ಅವೂ ಕಳಚುತ್ತವೆ.

1933ರಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ಫೆಲೋಶಿಪ್ ಹಿಡಿದು ಲಜಾರ್ಸ್‌ಫೆಲ್ಡ್ ಅಮೆರಿಕಕ್ಕೆ ಹೋದರು. ಮರುವರ್ಷ ಆಸ್ಟ್ರಿಯಾದಲ್ಲಿ ಸಮಾಜವಾದಿ ಪಕ್ಷಕ್ಕೆ ನಿಷೇಧ ಬಿತ್ತು. ಯಹೂದಿ, ಅದರ ಮೇಲೆ ಸಮಾಜವಾದಿ. ಹಿಂತಿರುಗುವ ಊರು ಉಳಿದಿರಲಿಲ್ಲ.

1937ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಹೆಸರಿನಲ್ಲಿ ರೇಡಿಯೊ ಸಂಶೋಧನೆಯ ಯೋಜನೆಯೊಂದು ಅವರ ಕೈಗೆ ಬಂತು. ಹೆಸರು ಪ್ರಿನ್ಸ್‌ಟನ್ನಿನದು, ಕಚೇರಿ ಮಾತ್ರ ನ್ಯೂವಾರ್ಕ್‌ನ ಪಾಳುಬಿದ್ದ ಬಿಯರ್ ಕಾರ್ಖಾನೆಯಲ್ಲಿ. ಆಗಿನ ರೇಡಿಯೊ ಸಣ್ಣ ಸಂಗತಿಯಲ್ಲ. ಜರ್ಮನಿಯಲ್ಲಿ ಹಿಟ್ಲರನ ಭಾಷಣ ಮನೆಮನೆಯ ಪೆಟ್ಟಿಗೆಯಿಂದ ಬರುತ್ತಿತ್ತು. ಅಮೆರಿಕದಲ್ಲಿ 1938ರ ಅಕ್ಟೋಬರ್ 30ರ ರಾತ್ರಿ ಆರ್ಸನ್ ವೆಲ್ಸ್‌ರ ನಾಟಕ ಕೇಳಿ ಮಂಗಳಗ್ರಹದವರು ಬಂದೇಬಿಟ್ಟರು ಎಂದು ಎಷ್ಟೋ ಜನ ಹೆದರಿದ್ದರು. ಪೆಟ್ಟಿಗೆ ಹೇಳುತ್ತದೆ, ಜನ ಕುಣಿಯುತ್ತಾರೆ ಎಂಬ ಭಯ ಬಲ್ಲವರಲ್ಲೂ ಇತ್ತು. ಈ ಭಯಕ್ಕೆ 'ಗುಂಡಿನ ಸಿದ್ಧಾಂತ' ಎಂಬ ಪಠ್ಯಪುಸ್ತಕದ ಹೆಸರು ಆಮೇಲೆ ಅಂಟಿತು. ಹಾಗೆಂದು ಆಗ ಯಾರೂ ಸಿದ್ಧಾಂತ ಕಟ್ಟಿರಲಿಲ್ಲ. ಮುಂದೆ ಈ ಭಯವನ್ನು ಅಲ್ಲಗಳೆದು ಗೆದ್ದವರು ತಾವು ಸೋಲಿಸಿದ ಎದುರಾಳಿಯನ್ನು ಸ್ವಲ್ಪ ದೊಡ್ಡದಾಗಿಯೇ ಚಿತ್ರಿಸಿದರು ಎಂದು ನನ್ನ ಅನಿಸಿಕೆ.

ಆ ಬಿಯರ್ ಕಾರ್ಖಾನೆಯ ದಿನಗಳ ಒಂದು ಯಂತ್ರದ ಬಗ್ಗೆ ಹೇಳಲೇಬೇಕು. ಲಜಾರ್ಸ್‌ಫೆಲ್ಡ್ ಮತ್ತು ಫ್ರಾಂಕ್ ಸ್ಟಾಂಟನ್ ಸೇರಿ ಕಟ್ಟಿದ ಅದಕ್ಕೆ 'ಲಿಟ್ಲ್ ಆ್ಯನಿ' ಎಂಬ ಮುದ್ದಿನ ಹೆಸರಿತ್ತು. ಕೇಳುಗರನ್ನು ಒಂದು ಕೋಣೆಯಲ್ಲಿ ಕೂರಿಸಿ ಪ್ರತಿಯೊಬ್ಬರ ಕೈಗೂ ಎರಡು ಗುಂಡಿ ಕೊಡುವುದು. ರೇಡಿಯೊ ಕಾರ್ಯಕ್ರಮ ಹಿಡಿಸಿದಾಗ ಹಸಿರು ಗುಂಡಿ ಒತ್ತಬೇಕು, ಹಿಡಿಸದಾಗ ಕೆಂಪು. ಎರಡನ್ನೂ ಒತ್ತದಿದ್ದರೆ ಪರವಾಗಿಲ್ಲ ಎಂದರ್ಥ. ಯಾವ ನಿಮಿಷದಲ್ಲಿ ಎಷ್ಟು ಜನಕ್ಕೆ ಏನನ್ನಿಸಿತು ಎಂದು ಪಕ್ಕದಲ್ಲಿ ಉರುಳುವ ಕಾಗದದ ಮೇಲೆ ಲೇಖನಿಗಳು ಗೀಚುತ್ತ ಹೋಗುತ್ತಿದ್ದವು. ಇವತ್ತಿನ ಲೈಕು, ಡಿಸ್‌ಲೈಕುಗಳ ಅಜ್ಜಿ ಇವಳು. ಸ್ಟಾಂಟನ್ ಮುಂದೆ ಸಿಬಿಎಸ್ ಕಂಪನಿಯ ಅಧ್ಯಕ್ಷರಾದರು.

1938ರ ಫೆಬ್ರವರಿಯಲ್ಲಿ, ಹಿಟ್ಲರನ ಜರ್ಮನಿ ತೊರೆದಿದ್ದ ತತ್ವಜ್ಞಾನಿ ಥಿಯೊಡರ್ ಅಡೋರ್ನೊ ಇದೇ ಕಚೇರಿಗೆ ಸೇರಿದರು. ಸಂಗೀತದ ವಿಭಾಗ ಅವರದು. ಯಂತ್ರ ನೋಡಿ ಅವರು ದಿಗಿಲುಬಿದ್ದರು. ಒಂದು ಸಿಂಫನಿಯನ್ನು ಕೆಂಪು, ಹಸಿರು ಗುಂಡಿಗಳಿಂದ ಅಳೆಯುವುದೇ? ಹಿಡಿಸಿತು ಎಂದು ಒತ್ತುವವನ ಆ ಹಿಡಿಸುವಿಕೆಯನ್ನೇ ರೇಡಿಯೊ ಕಂಪನಿ ಮೊದಲು ತಯಾರಿಸಿ ಕೊಟ್ಟಿದ್ದರೆ? ಪ್ರಶ್ನೆ ಚುರುಕಾಗಿತ್ತು, ಉತ್ತರಕ್ಕೆ ಲಜಾರ್ಸ್‌ಫೆಲ್ಡರ ಬಳಿ ಅಂಕಣವಿರಲಿಲ್ಲ. ಇಬ್ಬರೂ ಪರಸ್ಪರ ಗೌರವ ಇಟ್ಟುಕೊಂಡೇ ಜಗಳವಾಡಿದರು, 1940ರ ಹೊತ್ತಿಗೆ ರಾಕ್‌ಫೆಲ್ಲರ್ ಹಣವೂ ಸಂಗೀತ ವಿಭಾಗಕ್ಕೆ ನಿಂತಿತು. ಅಡೋರ್ನೊ ಲಾಸ್ ಏಂಜಲೀಸಿಗೆ ಹೋಗಿ ಹಾರ್ಕ್‌ಹೈಮರ್ ಜೊತೆ 'ಸಂಸ್ಕೃತಿ ಉದ್ಯಮ' ಎಂಬ ಪರಿಕಲ್ಪನೆಯನ್ನು ಮಂಡಿಸುವ ಪುಸ್ತಕ ಬರೆದರು. ಅದರ ಮೊದಲ ಪ್ರತಿಗಳು ಹೊರಬಂದದ್ದು 1944ರಲ್ಲಿ. ಲಜಾರ್ಸ್‌ಫೆಲ್ಡ್ ಎರಡು ಹಂತದ ಹರಿವಿನ ಸುಳಿವು ಪ್ರಕಟಿಸಿದ್ದೂ ಅದೇ 1944ರಲ್ಲಿ. ಜನಪ್ರಿಯ ಸಂಸ್ಕೃತಿಯ ತರಗತಿಗಳಲ್ಲಿ ಇಂದಿಗೂ ಎದುರುಬದುರು ನಿಲ್ಲುವ ಎರಡು ವಿಚಾರಗಳಿಗೆ ಒಂದೇ ಬಿಯರ್ ಕಾರ್ಖಾನೆಯ ವಾಸನೆ ಇದೆ.

ಆ ಸುಳಿವು ಸಿಕ್ಕಿದ್ದು ಓಹಾಯೊ ರಾಜ್ಯದ ಈರಿ ಕೌಂಟಿಯಲ್ಲಿ, ಸರೋವರದ ದಂಡೆಯ ಸ್ಯಾಂಡಸ್ಕಿ ಪಟ್ಟಣದ ಸುತ್ತ. 1940ರ ಚುನಾವಣೆ, ಅಧ್ಯಕ್ಷ ರೂಸ್‌ವೆಲ್ಟ್ ಎದುರು ವೆಂಡೆಲ್ ವಿಲ್ಕಿ. ರೇಡಿಯೊ ಮತ್ತು ಪತ್ರಿಕೆಗಳ ಪ್ರಚಾರ ಜನರ ಮನಸ್ಸನ್ನು ಹೇಗೆ ತಿರುಗಿಸುತ್ತದೆ ಎಂದು ಕಣ್ಣಾರೆ ನೋಡುವುದು ಯೋಜನೆ. ವಿಧಾನ ಆ ಕಾಲಕ್ಕೆ ಹೊಸದು. 600 ಮಂದಿಯನ್ನು ಆರಿಸಿಕೊಂಡು ಮೇ ತಿಂಗಳಿಂದ ನವೆಂಬರ್‌ವರೆಗೆ ತಿಂಗಳಿಗೊಮ್ಮೆ ಅದೇ ಮನೆಯ ಬಾಗಿಲು ತಟ್ಟಿದರು. ಯಾರಾದರೂ ಮನಸ್ಸು ಬದಲಿಸಿದ್ದರೆ ಸರಿ, ಅಲ್ಲೇ ಹಿಡಿದು ಕೇಳುವುದು: ಯಾಕೆ ಬದಲಿಸಿದಿರಿ?

ಹಿಡಿಯಲು ಹೆಚ್ಚು ಜನ ಸಿಗಲಿಲ್ಲ. ಸುಮಾರು ಅರ್ಧದಷ್ಟು ಮಂದಿ ಮೇ ತಿಂಗಳಲ್ಲೇ ನಿರ್ಧರಿಸಿಯಾಗಿತ್ತು, ಕೊನೆಗೂ ಅದಕ್ಕೇ ಅಂಟಿಕೊಂಡರು. ಒಂದು ಪಕ್ಷ ಬಿಟ್ಟು ಇನ್ನೊಂದಕ್ಕೆ ಹಾರಿದವರು ನೂರಕ್ಕೆ 8 ಮಂದಿ. ಭಾಷಣಗಳನ್ನು ಹೆಚ್ಚು ಕೇಳಿದವರು, ಪತ್ರಿಕೆ ಹೆಚ್ಚು ಓದಿದವರು ಯಾರೆಂದು ನೋಡಿದರೆ, ಆಗಲೇ ಮನಸ್ಸು ಗಟ್ಟಿ ಮಾಡಿಕೊಂಡವರು. ಪ್ರಚಾರ ಯಾರಿಗೆ ತಲುಪಬೇಕಿತ್ತೋ ಅವರು ರೇಡಿಯೊ ಹಾಕುತ್ತಲೇ ಇರಲಿಲ್ಲ. ಪ್ರಚಾರದ ಶಕ್ತಿ ಅಳೆಯಲು ಹೊರಟವರ ಯೋಜನೆ ಅರ್ಧ ಹಾದಿಯಲ್ಲೇ ತಲೆಕೆಳಗಾಯಿತು.

ಆಗ ಸಂದರ್ಶನದ ಹಾಳೆಗಳ ನಡುವಿನಿಂದ, ಯಾರೂ ಒತ್ತುಕೊಟ್ಟು ಕೇಳಿರದ ಒಂದು ಉತ್ತರ ಮತ್ತೆ ಮತ್ತೆ ತಲೆ ಎತ್ತಿತು. ಜನ ಜನರ ಹೆಸರು ಹೇಳುತ್ತಿದ್ದರು. ಗಂಡ ಹೇಳಿದ, ಕೆಲಸದ ಜಾಗದಲ್ಲಿ ಮಾತಾಡಿಕೊಂಡರು, ಪಕ್ಕದ ಮನೆಯವರ ಅಭಿಪ್ರಾಯ ಹೀಗಿತ್ತು. ಹೋಟೆಲಿನಲ್ಲಿ ಊಟ ಬಡಿಸುವ ಹೆಂಗಸೊಬ್ಬಳು ವಿಲ್ಕಿಯನ್ನು ಕೈಬಿಟ್ಟಿದ್ದಳು. ಪತ್ರಿಕೆಯಲ್ಲಿ ಒಂದಿಷ್ಟು ಓದಿದ್ದುಂಟು. ಅವಳ ನಿಜವಾದ ಕಾರಣ ಬೇರೆ: ಮೇಜಿನ ಸುತ್ತ ಕುಳಿತ ಗಿರಾಕಿಗಳು ಅವನು ಆಗಿಬರುವವನಲ್ಲ ಎಂದು ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಿದ್ದರು. ಯಾರೂ ಅವಳಿಗೆ ಬೋಧಿಸಿರಲಿಲ್ಲ. ತಟ್ಟೆ ಇಡುತ್ತ ಅವಳ ಕಿವಿಗೆ ಬಿದ್ದ ಮಾತು ಅದು. ಲೆಕ್ಕ ಹಾಕಿ ನೋಡಿದರೆ, ಯಾವುದೇ ಒಂದು ದಿನ ಚುನಾವಣೆಯ ಭಾಷಣ ಕೇಳಿದವರಿಗಿಂತ, ಸುದ್ದಿ ಓದಿದವರಿಗಿಂತ ಅದರ ಬಗ್ಗೆ ಹರಟಿದವರೇ ಹೆಚ್ಚು.

ಹಾಗೆ ಹರಟುವವರಲ್ಲೂ ಕೆಲವರ ಮಾತಿಗೆ ತೂಕವಿತ್ತು. ಈಚೆಗೆ ಯಾರನ್ನಾದರೂ ಒಪ್ಪಿಸಲು ನೋಡಿದಿರಾ, ನಿಮ್ಮ ಸಲಹೆಯನ್ನು ಯಾರಾದರೂ ಕೇಳಿದರಾ ಎಂಬ ಎರಡು ಪ್ರಶ್ನೆಗಳಿಂದ ಅವರನ್ನು ಜರಡಿ ಹಿಡಿದರು. ಸರಿಸುಮಾರು ಐವರಲ್ಲಿ ಒಬ್ಬರು ಸಿಕ್ಕರು. ಇವರು ಮಂತ್ರಿಗಳಲ್ಲ, ಪಾದ್ರಿಗಳಲ್ಲ. ಎಲ್ಲ ಕಸುಬಿನಲ್ಲೂ ಇದ್ದರು. ಉಳಿದವರಿಗಿಂತ ಇವರು ಹೆಚ್ಚು ಓದುತ್ತಿದ್ದರು, ಹೆಚ್ಚು ಕೇಳುತ್ತಿದ್ದರು. ಇವರಿಗೆ 'ಅಭಿಪ್ರಾಯ ನಾಯಕರು' ಎಂದು ಹೆಸರಿಟ್ಟರು. ವಿಚಾರ ರೇಡಿಯೊದಿಂದ, ಅಚ್ಚಿನಿಂದ ಮೊದಲು ಇವರಿಗೆ ಬರುತ್ತದೆ, ಇವರಿಂದ ಮಿಕ್ಕವರಿಗೆ ಇಳಿಯುತ್ತದೆ. ಎರಡು ಹಂತ. ಲಜಾರ್ಸ್‌ಫೆಲ್ಡ್, ಬರ್ನಾರ್ಡ್ ಬೆರೆಲ್ಸನ್, ಹೇಜಲ್ ಗೌಡೆ ಸೇರಿ 1944ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದಕ್ಕೆ ಸಿಕ್ಕಿದ್ದು ಸಣ್ಣ ಜಾಗ.

ಗಾಂಧಿನಗರದ ಸಿನಿಮಾ ವಿತರಕರಿಗೆ ಇದನ್ನು ಹೇಳಿದ್ದರೆ, ಇದಕ್ಕೆ ಅಮೆರಿಕಕ್ಕೆ ಹೋಗಬೇಕಿತ್ತಾ ಎಂದು ಕೇಳುತ್ತಿದ್ದರು. ಪೋಸ್ಟರ್ ಎಷ್ಟೇ ಅಂಟಿಸಿ, ಶುಕ್ರವಾರ ಬೆಳಗಿನ ಆಟ ಬಿಟ್ಟ ಮೇಲೆ 'ಮೌತ್ ಟಾಕ್' ಹೇಗಿದೆ ಎಂಬುದರ ಮೇಲೆ ಸೋಮವಾರದ ಕಲೆಕ್ಷನ್ ನಿಂತಿದೆ ಎಂದು ಅಲ್ಲಿ ಟಿಕೆಟ್ ಹರಿಯುವವನಿಗೂ ಗೊತ್ತು. 2006ರ ಕೊನೆಯಲ್ಲಿ ತೆರೆಕಂಡ 'ಮುಂಗಾರು ಮಳೆ' ದೊಡ್ಡ ಸ್ಟಾರ್‌ಗಳಿಲ್ಲದೆಯೂ ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ವರ್ಷಕ್ಕೂ ಮಿಕ್ಕಿ ಓಡಿದ್ದನ್ನು ಉದ್ಯಮದವರು ವಿವರಿಸುವುದೂ ಹೀಗೆಯೇ. ಆದರೆ ಗೊತ್ತಿರುವುದು ಬೇರೆ, ತೋರಿಸಿಕೊಡುವುದು ಬೇರೆ. ಬಾಯಿಮಾತು ಯಾರ ಬಾಯಿಂದ ಹೊರಡುತ್ತದೆ? ಯಾರ ಕಿವಿಗೆ ಬೀಳುತ್ತದೆ? ಸಿನಿಮಾ ಬಗ್ಗೆ ಯಾರ ಮಾತು ಕೇಳುತ್ತೇವೋ ಸೀರೆಯ ಬಗ್ಗೆಯೂ ಅವರದೇ ಮಾತು ಕೇಳುತ್ತೇವೆಯೇ? ಇದಕ್ಕೆ ಅನುಭವಸ್ಥರ ಬಳಿಯೂ ಉತ್ತರವಿರಲಿಲ್ಲ, ಈರಿ ಕೌಂಟಿಯ ಹಾಳೆಗಳಲ್ಲೂ ಇರಲಿಲ್ಲ. ಅಲ್ಲಿ ನಾಯಕರೆನಿಸಿಕೊಂಡವರು ತಮ್ಮ ಬಾಯಲ್ಲೇ ತಾವು ನಾಯಕರೆಂದವರು. ಅವರು ಯಾರಿಗೆ ಹೇಳಿದರು, ಕೇಳಿಸಿಕೊಂಡವರು ಒಪ್ಪುತ್ತಾರೆಯೇ ಎಂದು ಯಾರೂ ಪರೀಕ್ಷಿಸಿರಲಿಲ್ಲ.

ಅದಕ್ಕೇ ಡಿಕೇಟರ್. ಇಲಿನಾಯ್ ರಾಜ್ಯದ, ಸುಮಾರು 60,000 ಜನರ ಈ ಊರನ್ನು ಆರಿಸಿದ್ದು ಅದರಲ್ಲಿ ಯಾವ ವಿಶೇಷವೂ ಇಲ್ಲ ಎಂಬ ಕಾರಣಕ್ಕೆ. ಹತ್ತಾರು ಲೆಕ್ಕ ಹಾಕಿ, ಎಲ್ಲದರಲ್ಲೂ ಸರಾಸರಿಗೆ ಹತ್ತಿರ ಬಂದ ಊರು. 1945ರ ಬೇಸಿಗೆ, ಯುದ್ಧ ಮುಗಿಯುತ್ತಿದ್ದ ದಿನಗಳು. 800 ಹೆಂಗಸರನ್ನು ಎರಡೆರಡು ಸಲ ಮಾತಾಡಿಸಿದರು. ಕೇಳಿದ್ದು ನಾಲ್ಕು ವಿಷಯ: ಈಚೆಗೆ ಮನೆಸಾಮಾನಿನಲ್ಲಿ ಯಾವ ಹೊಸ ಬ್ರ್ಯಾಂಡ್ ತಂದಿರಿ, ಕೂದಲಲ್ಲಿ ಬಟ್ಟೆಯಲ್ಲಿ ಏನು ಹೊಸ ರೀತಿ ಮಾಡಿಕೊಂಡಿರಿ, ಯಾವ ಸಿನಿಮಾ ನೋಡಿದಿರಿ, ಸಾರ್ವಜನಿಕ ವಿಚಾರಗಳಲ್ಲಿ ಅಭಿಪ್ರಾಯ ಬದಲಾಯಿತೆ. ಪ್ರತಿ ಉತ್ತರದ ಬೆನ್ನಿಗೆ ಹಳೆಯ ವಿಯೆನ್ನಾದ ಪ್ರಶ್ನೆ. ಯಾರು ಹೇಳಿದರು?

ಹೆಸರು ಸಿಕ್ಕ ಕೂಡಲೇ ಸಂದರ್ಶಕರು ಆ ಹೆಸರಿನ ಬಾಗಿಲಿಗೂ ಹೋದರು. ಇಂಥವರ ಜೊತೆ ಇಂಥ ಮಾತು ಆಡಿದ್ದು ಹೌದೇ ಎಂದು ಕೇಳಿದರು. ಬೇಸಿಗೆಯ ಬಿಸಿಲಲ್ಲಿ ಒಂದು ಮನೆಯ ಅಂಗಳದಿಂದ ಇನ್ನೊಂದು ಮನೆಯ ಅಡುಗೆಮನೆಗೆ ಮಾತು ನಡೆದುಹೋದ ಜಾಡನ್ನು ಹೆಜ್ಜೆಹೆಜ್ಜೆಯಾಗಿ ಹುಡುಕಿದ ಈ ಕೆಲಸ ನನ್ನ ಮಟ್ಟಿಗೆ ಇಡೀ ಕತೆಯ ಸೊಗಸಾದ ಭಾಗ. ಎಲ್ಲರೂ ಸಿಗಲಿಲ್ಲ, ಊರು ಬಿಟ್ಟವರಿದ್ದರು, ಮರೆತವರಿದ್ದರು. ಸಿಕ್ಕವರಲ್ಲಿ ಬಹುಪಾಲು ಮಂದಿ ಹೌದು, ಮಾತಾಡಿದ್ದೆವು ಎಂದರು.

ಹೊರಬಂದ ಚಿತ್ರ ಹೀಗಿತ್ತು. ಮನೆಸಾಮಾನಿನ ವಿಷಯದಲ್ಲಿ ಮಾತು ನಡೆಯುತ್ತಿದ್ದುದು ದೊಡ್ಡ ಸಂಸಾರ ನಿಭಾಯಿಸಿದ ತಾಯಂದಿರದು. ಅವರು ಸಾಹುಕಾರರಾಗಬೇಕಿರಲಿಲ್ಲ, ಕೂಲಿಯವನ ಹೆಂಡತಿ ಕೂಲಿಯವನ ಹೆಂಡತಿಗೇ ಹೇಳುತ್ತಿದ್ದಳು. ಫ್ಯಾಷನ್ನಿನಲ್ಲಿ ಎಳೆಯರ ಮಾತಿಗೆ ಬೆಲೆ. ಸಾರ್ವಜನಿಕ ವಿಚಾರದಲ್ಲಿ ಮಾತ್ರ ಓದು, ಅಂತಸ್ತುಗಳು ಲೆಕ್ಕಕ್ಕೆ ಬರುತ್ತಿದ್ದವು. ಸಿನಿಮಾದಲ್ಲಂತೂ ಮದುವೆಯಾಗದ ಹುಡುಗಿಯರದೇ ರಾಜ್ಯ. ಸಿನಿಮಾಕ್ಕೆ ಒಬ್ಬಂಟಿಯಾಗಿ ಹೋಗುವವರು ತೀರ ಕಡಿಮೆ. ಜೊತೆಗೆ ಹೋಗುವವರು ಒಂದೇ ವಯಸ್ಸಿನವರು, ಹೋಗುವ ಮುಂಚಿನ ಚರ್ಚೆಯೂ ಅವರ ನಡುವಿನದೇ. ಯಾವ ಚಿತ್ರ ಚೆನ್ನಾಗಿದೆ ಎಂದು ಬಲ್ಲವರನ್ನು ಕೇಳಬೇಕೆನಿಸಿದಾಗ ದೊಡ್ಡವರೂ ಚಿಕ್ಕವರ ಕಡೆಗೇ ತಿರುಗುತ್ತಿದ್ದರು. ಮನೆಯಲ್ಲಿ ಬಾಯಿಮುಚ್ಚು ಎನಿಸಿಕೊಳ್ಳುವ ಹತ್ತೊಂಬತ್ತರ ಹುಡುಗಿ ಶನಿವಾರ ಸಂಜೆಯ ವಿಷಯದಲ್ಲಿ ನಾಯಕಿ! ರುಚಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಶ್ರೀಮಂತರು ಮಾಡಿದ್ದನ್ನು ಬಡವರು ನಕಲು ಮಾಡುತ್ತಾರೆ ಎಂಬ ಹಳೆಯ ಎಣಿಕೆಗೆ ಇದು ಹೊಂದಲಿಲ್ಲ. ಹರಿವು ಬಹಳ ಮಟ್ಟಿಗೆ ಅಡ್ಡಡ್ಡವಾಗಿತ್ತು.

ಇಲ್ಲೊಂದು ಮಾತು ಪಿಸುಗುಟ್ಟದೆ ಹೇಳಿಬಿಡಬೇಕು. ಈ ಅಧ್ಯಯನಕ್ಕೆ ಹಣ ಕೊಟ್ಟದ್ದು 'ಟ್ರೂ ಸ್ಟೋರಿ' ಪತ್ರಿಕೆಯ ಮ್ಯಾಕ್‌ಫ್ಯಾಡನ್ ಪ್ರಕಾಶನ. ಆ ಪತ್ರಿಕೆಯ ಓದುಗರು ಹೆಚ್ಚಾಗಿ ಕಾರ್ಮಿಕ ಕುಟುಂಬದ ಹೆಂಗಸರು. ಅವರಲ್ಲೂ ಅಭಿಪ್ರಾಯ ನಾಯಕಿಯರಿದ್ದಾರೆ ಎಂಬ ಫಲಿತಾಂಶ ಜಾಹೀರಾತುದಾರರಿಗೆ ತೋರಿಸಲು ಪ್ರಕಾಶಕರಿಗೆ ಬಹಳ ಅನುಕೂಲದ್ದು. ಹಾಗೆಂದ ಮಾತ್ರಕ್ಕೆ ಸುಳ್ಳಾಗುವುದಿಲ್ಲ. ಯಾವ ಪ್ರಶ್ನೆ ಕೇಳಬೇಕು, ಯಾವುದನ್ನು ಬಿಡಬೇಕು ಎಂಬುದರ ಮೇಲೆ ಹಣದ ನೆರಳು ಬಿದ್ದೇ ಬೀಳುತ್ತದೆ, ಅಷ್ಟೆ.

ಡಿಕೇಟರ್‌ನ ಕ್ಷೇತ್ರಕಾರ್ಯದ ಉಸ್ತುವಾರಿ ಹೊತ್ತವರು ಟೆಕ್ಸಸ್ಸಿನ ತರುಣ ಸಿ. ರೈಟ್ ಮಿಲ್ಸ್. ಅಂಕಿ ಅಂಶ ಕಲೆಹಾಕಿದ ಮೇಲೆ ಅದರ ಅರ್ಥದ ಬಗ್ಗೆ ಲಜಾರ್ಸ್‌ಫೆಲ್ಡರಿಗೂ ಇವರಿಗೂ ತಾಳೆಯಾಗಲಿಲ್ಲ. ಪ್ರಭಾವ ವರ್ಗದ ಏಣಿಯಿಂದ ಕೆಳಗಿಳಿಯುತ್ತದೆ, ಅಧಿಕಾರವನ್ನು ಬಿಟ್ಟು ಹರಟೆಯನ್ನು ಅಳೆದರೆ ಏನು ಬಂತು ಎಂಬುದು ಮಿಲ್ಸ್ ನಿಲುವು. ಅವರು ಯೋಜನೆಯಿಂದ ಹೊರಬಿದ್ದರು. 1959ರಲ್ಲಿ 'ದಿ ಸೋಷಿಯಲಾಜಿಕಲ್ ಇಮ್ಯಾಜಿನೇಷನ್' ಪುಸ್ತಕದಲ್ಲಿ ಲಜಾರ್ಸ್‌ಫೆಲ್ಡ್ ಮಾದರಿಯ ಸಂಶೋಧನೆಗೆ ಅವರು ಕೊಟ್ಟ ಏಟು ಸಮಾಜಶಾಸ್ತ್ರದ ವಿದ್ಯಾರ್ಥಿಗಳಿಗೆ ಇವತ್ತಿಗೂ ಪಾಠ. ಅತ್ತ ಡಿಕೇಟರ್‌ನ ಹಾಳೆಗಳು ವರ್ಷಗಟ್ಟಲೆ ಹಾಗೇ ಬಿದ್ದಿದ್ದವು. ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಎಲಿಹು ಕಾಟ್ಜ್ ಕೈಹಚ್ಚಿದ ಮೇಲೆ 'ಪರ್ಸನಲ್ ಇನ್‌ಫ್ಲುಯೆನ್ಸ್' ಎಂಬ ಪುಸ್ತಕ ಹೊರಬಂತು. ಅದು 1955. ಬಾಗಿಲು ತಟ್ಟಿ ಹತ್ತು ವರ್ಷವಾಗಿತ್ತು.

ಟೀಕೆ ಬರದೆ ಇರಲಿಲ್ಲ. ಹೆಚ್ಚು ನೋಯಿಸಿದ್ದು 1978ರಲ್ಲಿ ಟಾಡ್ ಗಿಟ್ಲಿನ್ ಬರೆದದ್ದು. ಅದೇ ಪುಸ್ತಕದ ಅಂಕಿಗಳನ್ನು ತೆಗೆದಿಟ್ಟು, ಸಾರ್ವಜನಿಕ ವಿಚಾರದಲ್ಲಿ ಅಭಿಪ್ರಾಯ ಬದಲಿಸಿದ ಅರ್ಧಕ್ಕೂ ಹೆಚ್ಚು ಮಂದಿ ಯಾರ ಮಾತನ್ನೂ ನೆನಪಿಸಿಕೊಂಡಿರಲಿಲ್ಲವಲ್ಲ ಎಂದು ಅವರು ತೋರಿಸಿದರು. ಇನ್ನೂ ಗಂಭೀರವಾದದ್ದು ಅವರ ಮೂಲ ಆಕ್ಷೇಪ. ಯಾವ ಸಿನಿಮಾ ನೋಡಲಿ ಎಂದು ಗೆಳತಿ ಹೇಳಬಹುದು, ಆದರೆ ಊರಿನ ಟಾಕೀಸಿಗೆ ಯಾವ ನಾಲ್ಕು ಸಿನಿಮಾ ಬರಬೇಕೆಂದು ನಿರ್ಧರಿಸಿದವರು ಯಾರು? ಬಿಯರ್ ಕಾರ್ಖಾನೆಯಲ್ಲಿ ಅಡೋರ್ನೊ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಈ ಆಕ್ಷೇಪಕ್ಕೆ ಡಿಕೇಟರ್‌ನಲ್ಲಿ ಉತ್ತರವಿಲ್ಲ, ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು.

ಕಾಟ್ಜ್ ಮುಂದೆ ಹೋದರು. ಇಸ್ರೇಲಿನಲ್ಲಿ ನೆಲೆಸಿ, ಅಲ್ಲಿನ ದೂರದರ್ಶನ ಆರಂಭವಾದಾಗ ಅದರ ಮುಖ್ಯಸ್ಥರಾದರು. 1980ರ ದಶಕದಲ್ಲಿ ಟಾಮಾರ್ ಲೀಬೆಸ್ ಜೊತೆ ಸೇರಿ ಅಮೆರಿಕದ 'ಡಲ್ಲಾಸ್' ಧಾರಾವಾಹಿಯನ್ನು ಹಿಡಿದುಕೊಂಡರು. ಜಗತ್ತನ್ನೆಲ್ಲ ಅಮೆರಿಕ ಮಾಡಿಬಿಡುತ್ತಿದೆ ಎಂದು ಆಗ ಎಲ್ಲರೂ ಬೈಯುತ್ತಿದ್ದ ಧಾರಾವಾಹಿ ಅದು. ಇವರು ಬೈಯುವ ಬದಲು ಮನೆಗಳಿಗೆ ಹೋದರು. ನೆಂಟರು, ಗೆಳೆಯರು ಒಟ್ಟಿಗೆ ಕುಳಿತು ಒಂದು ಕಂತು ನೋಡಿದ ಮೇಲೆ, ನೋಡದವರಿಗೆ ಹೇಳುವ ಹಾಗೆ ಕತೆ ಹೇಳಿ ಎಂದರು. ಅರಬರು ಮತ್ತು ಮೊರಾಕ್ಕೋದಿಂದ ಬಂದ ಯಹೂದಿಗಳು ಯಾರ ಮಗ ಯಾರನ್ನು ಮದುವೆಯಾದ ಎಂದು ವಂಶಾವಳಿಯ ಸಮೇತ ಸಾಲಾಗಿ ಹೇಳಿದರು. ರಷ್ಯಾದಿಂದ ಬಂದವರು ಕತೆ ಬಿಟ್ಟು, ಇದನ್ನು ತಯಾರಿಸಿದವರ ಉದ್ದೇಶವೇನು ಎಂದು ಅನುಮಾನಪಟ್ಟರು. ಅಮೆರಿಕನ್ನರು ಪಾತ್ರಗಳ ಮನಸ್ಸನ್ನು, ನಟರ ಸಂಬಳವನ್ನು ಚರ್ಚಿಸಿದರು. ಒಂದೇ ಕಂತು, ಕೂತ ಜಗಲಿಗೊಂದು ಕತೆ. ಡಿಕೇಟರ್‌ನಲ್ಲಿ ಕೇಳಿದ್ದು ಯಾರು ಹೇಳಿದರು ಎಂದು, ಇಲ್ಲಿ ಕೇಳಿದ್ದು ಯಾರ ಜೊತೆ ಕೂತು ನೋಡಿದಿರಿ ಎಂದು. 1990ರಲ್ಲಿ ಇದು 'ದಿ ಎಕ್ಸ್‌ಪೋರ್ಟ್ ಆಫ್ ಮೀನಿಂಗ್' ಎಂಬ ಪುಸ್ತಕವಾಯಿತು.

ಇವತ್ತು ಕಂಪನಿಗಳು ಇನ್‌ಫ್ಲುಯೆನ್ಸರ್‌ಗಳಿಗೆ ಹಣ ಕೊಡುತ್ತವೆ. ಡಿಕೇಟರ್‌ನ ನಾಯಕಿಯರಿಗೆ ಯಾರೂ ಬಿಡಿಗಾಸು ಕೊಟ್ಟಿರಲಿಲ್ಲ, ಅವರ ಮಾತಿಗೆ ಬೆಲೆ ಬಂದದ್ದೇ ಅದರಿಂದ. ಹಾಗಾಗಿ ರೀಲ್ಸ್ ಮಾಡುವವರನ್ನು ಅಭಿಪ್ರಾಯ ನಾಯಕರು ಎಂದು ಕರೆಯುವ ಇಂದಿನ ಮಾರ್ಕೆಟಿಂಗ್ ಪಾಠ ಅರ್ಧ ತಪ್ಪು. ಲಕ್ಷಾಂತರ ಹಿಂಬಾಲಕರಿರುವವರು ಹಳೆಯ ರೇಡಿಯೊದ ಜಾಗದಲ್ಲಿ ಕೂತಿದ್ದಾರೆ. ಅವರ ರೀಲನ್ನು ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿ 'ಇದನ್ನ ನೋಡಲೇಬೇಕು' ಎನ್ನುವ ಚಿಕ್ಕಮ್ಮ ಇದ್ದಾರಲ್ಲ, ಎರಡನೆಯ ಹಂತ ಅವರದು. ಎರಡು ಹಂತದ ಹರಿವು ಸಿದ್ಧಾಂತವಾಗಿ ಇಂದು ಪೂರ್ತಿ ನಿಲ್ಲುವುದಿಲ್ಲ. ಹಂತ ಎರಡೇ ಅಲ್ಲ, ಹರಿವು ಒಂದೇ ದಿಕ್ಕಿನದೂ ಅಲ್ಲ. ಪ್ರಶ್ನೆಯಾಗಿ ಮಾತ್ರ ಅದು ಗಟ್ಟಿ ಇದೆ. ಧಾರಾವಾಹಿ ಜನರನ್ನು ಹಾಳು ಮಾಡುತ್ತಿದೆ, ಸಿನಿಮಾ ಯುವಕರನ್ನು ಕೆಡಿಸುತ್ತಿದೆ ಎಂದು ಬರೆಯುವ ನಮ್ಮ ವಿಮರ್ಶಕರು, ಬರೆಯುವ ಮುಂಚೆ ನೋಡುಗರ ನಾಲ್ಕು ಬಾಗಿಲು ತಟ್ಟಿ ಅದನ್ನು ಕೇಳಿ ಬರಲಿ.